ಟೆಂಪರ್ ಗ್ಲಾಸ್

ದುರ್ಗಿಗುಡಿಯ ಅಡ್ಡರಸ್ತೆಯಲ್ಲಿ
ಆರಡಿ ಅಗಲದ ಅಂಗಡಿ ನನ್ನದು.
ಹನ್ನೊಂದು ವರ್ಷದಿಂದ ಬಿರುಕು ಓದುತ್ತಿದ್ದೇನೆ.

ಜೇಬಿನಿಂದ ಜಾರಿದ್ದು ಮೂಲೆಯಲ್ಲಿ ಒಡೆಯುತ್ತದೆ.
ಬಸ್ಸಿನ ಸೀಟಿಗೆ ಸಿಕ್ಕಿದ್ದು ಉದ್ದಕ್ಕೆ, ಕೂದಲೆಳೆಯ ಹಾಗೆ.
ಗೋಡೆಗೆ ಎಸೆದದ್ದು ಮಾತ್ರ
ನಟ್ಟನಡುವೆ ಒಡೆದು ಎಂಟೂ ದಿಕ್ಕಿಗೆ ಹಬ್ಬುತ್ತದೆ.
'ಕೈ ಜಾರ್ತು' ಅನ್ನುತ್ತಾರೆ ತಾಯಂದಿರು.
'ಹೌದಾ' ಅನ್ನುತ್ತೇನೆ.
ಹಳೆಯ ಗಾಜು ಎತ್ತಿ, ಹೊಸತು ಕೂರಿಸಿ,
ಗಾಳಿಗುಳ್ಳೆ ಅಂಚಿಗೆ ದೂಡಿ
ನೂರಿಪ್ಪತ್ತು ಇಸಿದುಕೊಳ್ಳುತ್ತೇನೆ.
ಯಾರ ಕೈ ಎಂದು ಕೇಳುವುದು ನನ್ನ ಕಸುಬಲ್ಲ.

ಶಾಹೀನಾ ಬಂದದ್ದು ಆ ತಿಂಗಳಲ್ಲಿ ಮೂರನೇ ಸಲ.
ಹೊಲಿಗೆ ಕೆಲಸ ಅವಳದು,
ಬೆರಳ ತುದಿಯಲ್ಲಿ ಅಂಗುಸ್ತಾನದ ಗುರುತು.
ಈ ಸಲ ಫೋನು ತೆಗೆಯಲಿಲ್ಲ,
ನೋಟ್‌ಬುಕ್ಕಿನ ಹಾಳೆ ತೆಗೆದು ಕೌಂಟರಿನ ಮೇಲಿಟ್ಟಳು.
'ಸಹಿ ಹಾಕಿ ಅಣ್ಣಾ.
ಹೋಮ್‌ವರ್ಕು ಗ್ರೂಪಿಗೆ ಬೇಡ, ಡೈರಿಗೆ ಬರಲಿ.
ಏಳನೇ ಕ್ಲಾಸು ಮುಗಿಯೋವರೆಗೆ
ಯಾರೂ ಸ್ವಂತ ಫೋನು ಕೊಡಿಸೋದು ಬೇಡ,
ಒಬ್ಬರು ಕೊಡಿಸಿದ್ರೆ ಉಳಿದವರಿಗೆ ಉಳಿಗಾಲ ಇಲ್ಲ.
ರಾತ್ರಿ ಒಂಬತ್ತಕ್ಕೆ ಮನೆಯ ಫೋನೆಲ್ಲ ಒಂದೇ ಕಡೆ.'

ನಗು ಬಂತು. 'ನಾನು ಉಣ್ಣೋದೇ ಇದರಲ್ಲಿ, ಶಾಹೀನಾ.'
'ಗೊತ್ತು. ನಿಮ್ಮ ಹುಡುಗನೂ ನಾಲ್ಕನೇ ಕ್ಲಾಸು.'
ಸುಮ್ಮನೆ ನಿಂತಳು. ಆಮೇಲೆ,
'ಮೂರು ಸಲವೂ ಎಸೆದದ್ದು ಅವನಲ್ಲ,' ಅಂದಳು,
'ನಾನು.'

ಶನಿವಾರ.
ಮಕ್ಕಳ ಬೆಂಚಿನಲ್ಲಿ ದೊಡ್ಡವರ ಮೊಣಕಾಲು ಹಿಡಿಸುವುದಿಲ್ಲ.
ಮೂವತ್ತನಾಲ್ಕು ಜನ ಓರೆಯಾಗಿ ಕೂತೆವು,
ಬೋರ್ಡಿನ ಮೇಲೆ ಯಾರೋ ಅಳಿಸದೆ ಬಿಟ್ಟ ಭಾಗಾಕಾರ.
'ಅದಿಲ್ಲದೆ ಒಂದು ತುತ್ತು ಒಳಗೆ ಹೋಗಲ್ಲ' ಅಂದಳು ಒಬ್ಬಳು.
ಆಟೋದ ಲೋಹಿತಾಕ್ಷ ಎದ್ದು ನಿಂತ:
'ಇಬ್ಬರೂ ದುಡಿಯೋಕೆ ಹೋದ್ರೆ ಮನೇಲಿರೋದು ಅದೊಂದೇ,
ಸಂಬಳ ಕೇಳದ ಆಯಾ.
ಅದನ್ನೂ ಬಿಡಿಸಿದ್ರೆ ಬದಲಿಗೆ ಯಾರನ್ನ ಇಡ್ಲಿ?'
ಉತ್ತರ ಯಾರ ಹತ್ತಿರವೂ ಇರಲಿಲ್ಲ.
ಇವತ್ತಿಗೂ ಇಲ್ಲ.
ಫ್ಲೇವಿಯಾ ಟೀಚರ್ ಕನ್ನಡಕ ಒರೆಸಿದರು:
'ನಮಗೂ ಮೇಲಿನವರು ಗ್ರೂಪಲ್ಲೇ ಹೇಳೋದು.'
ಹಿಂದಿನ ಬೆಂಚಿನಿಂದ, ಮೊಮ್ಮಗಳ ಪರವಾಗಿ ಬಂದ ಸೀತಕ್ಕ,
'ಹೇಳೋದು ಶಾಸ್ತ್ರ, ಇಕ್ಕೋದು ಗಾಳ!
ಮೊದ್ಲು ನಿಮ್ ನಿಮ್ ಕೈ ನೋಡ್ಕಳ್ಳಿ.'
ನೋಡಿಕೊಂಡೆವು.
ಹನ್ನೆರಡು ಅಂಗೈಯಲ್ಲಿ ಬೆಳಕು ಉರಿಯುತ್ತಿತ್ತು,
ನನ್ನದೂ ಸೇರಿ.

ದಕ್ಕಿದ್ದು ಇಷ್ಟು: ಡೈರಿ.
ಅದೂ ಸೋಮವಾರದಿಂದ ಗುರುವಾರದ ತನಕ.

ಒಂಬತ್ತು ಗಂಟೆ.
ಅಪ್ಪೆಮಿಡಿ ಮುಗಿದ ಜಾಡಿ ತೊಳೆದು
ಪ್ರಫುಲ್ಲಾ ನಡುಮನೆಯಲ್ಲಿಟ್ಟಳು,
ತನ್ನದು ಹಾಕಿದಳು.
ಚಿರಂತ ನನ್ನನ್ನೇ ನೋಡಿದ.
ಅಂಗಡಿ ನಂಬರು, ಗಿರಾಕಿ, ಅರ್ಜೆಂಟು,
ಎಲ್ಲ ನೆವವೂ ಸಾಲಾಗಿ ನಾಲಿಗೆ ತನಕ ಬಂದವು.
ಹಾಕಿದೆ.

ಮೊದಲ ರಾತ್ರಿ ಹುಡುಗ ಅತ್ತ, ಚೊಂಬು ಎಸೆದ.
ಚೊಂಬು ನೆಗ್ಗಿತು.
ಎರಡನೆಯ ರಾತ್ರಿ ಕೇಳಿದ, 'ಈಗೇನ್ ಮಾಡೋದು?'
ನನಗೂ ಗೊತ್ತಿರಲಿಲ್ಲ.
ಮೂವರೂ ಟ್ಯೂಬ್‌ಲೈಟಿನ ಪಕ್ಕದ ಹಲ್ಲಿ ನೋಡುತ್ತ ಕೂತೆವು.
ಹುಳ ಕೂತಿತು, ಹಲ್ಲಿ ಕದಲಲಿಲ್ಲ,
ಹುಳ ಸರಿಯಿತು, ಹಲ್ಲಿ ಕದಲಲಿಲ್ಲ,
ನಡುವೆ ಯಾರೂ ಕತ್ತರಿ ಹಾಕದ ಅಷ್ಟುದ್ದದ ಹೊತ್ತು.
ಆಗ ಜಾಡಿ ಗುಂಯ್‌ಗುಟ್ಟಿತು,
ಪಿಂಗಾಣಿಯೊಳಗೆ ಕಣಜ ಸಿಕ್ಕಿಬಿದ್ದ ಹಾಗೆ.
ನನ್ನದೇ.
ಎದ್ದವನ ಅಂಗಿ ಜಗ್ಗಿ ಹಿಡಿದ ಚಿರಂತ:
'ಅಪ್ಪಾ, ನಾಳೆ. ಹುಳ ಹೋಗ್ಬಿಡುತ್ತೆ.'

ಬೆಳಿಗ್ಗೆ ಕಿವಿಗಿಟ್ಟರೆ ಸಾಸಿವೆ ಘಾಟು.

ತಿಂಗಳ ಕೊನೆಗೆ ರಟ್ಟಿನ ಡಬ್ಬಿ ಎಣಿಸಿದೆ:
ಹೋದ ತಿಂಗಳಿಗಿಂತ ಐದು ಗಾಜು ಹೆಚ್ಚು ಉಳಿದಿದೆ.
ಪರೀಕ್ಷೆ ಇತ್ತಲ್ಲ, ಅದಕ್ಕೂ ಇರಬಹುದು.
ಶಾಹೀನಾ ಬಂದಳು, ಹೊಸ ಹಾಳೆ ಹಿಡಿದು,
ಶುಕ್ರವಾರದ್ದೂ ಡೈರಿಗೇ ಬರಲಿ ಅಂತ.
ಜೊತೆಗೆ ಚೀಲದಿಂದ ಫೋನೂ ಹೊರಬಂತು.
'ಕೈ ಜಾರ್ತು' ಅಂದಳು.
ಬೆಳಕಿಗೆ ಹಿಡಿದು ಓದಿದೆ:
ಮೂಲೆಯಲ್ಲಿ, ಚಿಕ್ಕದು.
ಹೌದು, ಜಾರಿದ್ದೇ.